ಆಕ್ಸಿಮೀಟರ್ 98 ತೋರಿಸಿತ್ತು

ಕಟ್ಟಡಗಳ ನಿರ್ವಹಣೆ ನನ್ನ ಕೆಲಸ. ನೀರು, ಕರೆಂಟು, ಲಿಫ್ಟು, ಜನರೇಟರ್ ಎಲ್ಲವೂ ನನ್ನ ತಂಡದ ಜವಾಬ್ದಾರಿ. ಕೆಲವು ವರ್ಷಗಳ ಹಿಂದೆ ಒಂದು ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಕರೆಂಟಿನ ಮೋಟರ್ ಸುಟ್ಟುಹೋಗಿತ್ತು. ಪೆಟ್ರೋಲ್ ಎಂಜಿನ್ನಿನ ಪಂಪ್‌ಸೆಟ್ ಇತ್ತಾದರೂ ಅದರ ಪೈಪು ಮೇಲಿನಿಂದ ನೀರಿಗೆ ಎಟುಕುತ್ತಿರಲಿಲ್ಲ. ಪಂಪ್‌ಸೆಟ್ಟನ್ನೇ ಕೆಳಗಿಳಿಸಿ ಚಾಲೂ ಮಾಡಿಸಿದೆ. ಶಟರ್ ಪೂರ್ತಿ ತೆರೆದಿತ್ತು, ಫ್ಯಾನೂ ಓಡುತ್ತಿತ್ತು. ಗಾಳಿ ಸಾಕು ಅಂದುಕೊಂಡೆ.

ಮುಕ್ಕಾಲು ಗಂಟೆ ಕಳೆದಿರಬೇಕು, ಕೆಳಗಿದ್ದ ಇಬ್ಬರಲ್ಲಿ ಚಿಕ್ಕವನು ಮೇಲೆ ಬಂದ. "ಸರ್, ತಲೆ ಸಿಡೀತಿದೆ, ವಾಂತಿ ಬರೋ ಹಾಗಿದೆ. ಬೆಳಿಗ್ಗೆ ಏನೂ ತಿಂದಿಲ್ಲ, ಅದಕ್ಕೇ ಇರಬೇಕು" ಅಂದ. ಹೊರಗೆ ಕೂರಿಸಿ ನೀರು ಕೊಟ್ಟೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ತೋರಿಸುವ ಆಕ್ಸಿಮೀಟರ್ ತೆಗೆದು ಬೆರಳಿಗೆ ಸಿಕ್ಕಿಸಿದೆ. 98. ಹತ್ತು ನಿಮಿಷದಲ್ಲಿ ಅವನೇ "ಈಗ ಪರವಾಗಿಲ್ಲ ಸರ್" ಅಂತ ಎದ್ದ. ನಾನು ಮತ್ತೆ ಕೆಳಗೆ ಕಳಿಸಿದೆ.

ಇಪ್ಪತ್ತು ನಿಮಿಷಕ್ಕೆ ಅವನ ಕೂಗು ಕೇಳಿಸಿತು. ಓಡಿ ಇಳಿದರೆ, ಹಿರಿಯವರು ಗೋಡೆಗೆ ಒರಗಿ ಕೂತಿದ್ದಾರೆ. ಕಣ್ಣು ತೆರೆದಿದೆ. "ಏಳ್ರಿ ಅಣ್ಣ" ಅಂದರೆ ಏಳಲು ನೋಡುತ್ತಾರೆ, ಕಾಲು ಮಾತು ಕೇಳುತ್ತಿಲ್ಲ. ಇಬ್ಬರೂ ಸೇರಿ ಎಳೆದು ತಂದೆವು. ಅಷ್ಟರಲ್ಲಿ ನನ್ನ ತಲೆಯೂ ಧಿಮ್ಮೆನ್ನುತ್ತಿತ್ತು. ಎಂಜಿನ್ ಇನ್ನೂ ಓಡುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಮಾಡಿದ ಮೊದಲ ಕೆಲಸ ಇಬ್ಬರಿಗೂ ಆಮ್ಲಜನಕದ ಮಾಸ್ಕ್ ಹಾಕಿದ್ದು, ಆಮೇಲೆ ರಕ್ತ ತೆಗೆದದ್ದು. ನಾನು 98ರ ಮಾತು ಹೇಳಿದಾಗ ಅವರು ತಲೆ ಅಲ್ಲಾಡಿಸಿದರು. ಆಕ್ಸಿಮೀಟರ್ ಬೆರಳಿನೊಳಗೆ ಬೆಳಕು ಹಾಯಿಸಿ ರಕ್ತದ ಬಣ್ಣ ನೋಡುವ ಯಂತ್ರ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕ ಅಂಟಿದ್ದರೂ ಎಂಜಿನ್ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಅಂಟಿದ್ದರೂ ಅದಕ್ಕೆ ಹೆಚ್ಚುಕಡಿಮೆ ಒಂದೇ. ಈ ಅನಿಲವೋ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಬಿಗಿಯಾಗಿ ಹಿಮೋಗ್ಲೋಬಿನ್ನನ್ನು ಹಿಡಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ವಿಶೇಷ ಪರೀಕ್ಷೆಯಲ್ಲೇ ಅದರ ಪ್ರಮಾಣ ಸರಿಯಾಗಿ ಗೊತ್ತಾಗುವುದು.

ಇನ್ನೊಂದು ಮಾತು ನನ್ನನ್ನು ಬಹಳ ದಿನ ಕಾಡಿತು. ರಕ್ತ ಸೇರಿದ ಮಾನಾಕ್ಸೈಡಿನಲ್ಲಿ ಅರ್ಧ ಹೋಗಲು ಬರೀ ಗಾಳಿಯಲ್ಲಿ 4–5 ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೂ ಒಂದು, ಒಂದೂವರೆ ಗಂಟೆ. ಹತ್ತು ನಿಮಿಷ ಹೊರಗೆ ಕೂತಿದ್ದಕ್ಕೆ ಆ ಹುಡುಗನ ತಲೆನೋವು ಇಳಿದಿತ್ತು, ವಿಷ ಇಳಿದಿರಲಿಲ್ಲ. ಅದರ ಮೇಲೆ ಇನ್ನಷ್ಟು ಕುಡಿಯಲು ನಾನೇ ಕಳಿಸಿದ್ದೆ.

ಇಬ್ಬರೂ ಚೇತರಿಸಿಕೊಂಡರು. ಮರೆವು, ಗೊಂದಲ, ಸ್ವಭಾವದಲ್ಲಿ ಬದಲಾವಣೆ ದಿನಗಳೋ ವಾರಗಳೋ ಕಳೆದ ಮೇಲೂ ಕಾಣಿಸಿಕೊಳ್ಳಬಹುದು, ಗಮನವಿಡಿ ಎಂದು ಮನೆಯವರಿಗೆ ಡಾಕ್ಟರ್ ಹೇಳಿ ಕಳಿಸಿದರು. ಅಷ್ಟೂ ವಾರ ನಾನು ಫೋನ್ ಮಾಡಿ ವಿಚಾರಿಸುತ್ತಲೇ ಇದ್ದೆ.

ಶಟರ್ ತೆರೆದು ಫ್ಯಾನ್ ಹಾಕಿದ್ದೆನಲ್ಲ, ಆ ನಂಬಿಕೆಯ ಬಗ್ಗೆ ಆಮೇಲೆ ಓದಿಕೊಂಡೆ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಯೋಷ್ (NIOSH) 1996ರಲ್ಲೇ ಇದನ್ನು ಎಚ್ಚರಿಸಿತ್ತು: ಸಣ್ಣ ಪೆಟ್ರೋಲ್ ಎಂಜಿನ್ನನ್ನು ಒಳಗೆ ಓಡಿಸಿದರೆ, ಬಾಗಿಲು ಕಿಟಕಿ ತೆರೆದಿದ್ದರೂ, ಫ್ಯಾನ್ ಇದ್ದರೂ ನಿಮಿಷಗಳಲ್ಲೇ ಅಪಾಯದ ಮಟ್ಟ ಮುಟ್ಟಬಹುದು. ಅವರು ಎಂಟು ಗಂಟೆಯ ಕೆಲಸಕ್ಕೆ ಹೇಳುವ ಸರಾಸರಿ ಮಿತಿ 35 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 35 ಭಾಗ ಮಾನಾಕ್ಸೈಡ್. 1200 ಆದರೆ ಜೀವಕ್ಕೇ ಕುತ್ತು.

ಈಗ ನಮ್ಮಲ್ಲಿ ಎಂಜಿನ್ ಕೆಳಗೆ ಇಳಿಯುವುದಿಲ್ಲ. ಉದ್ದದ ಪೈಪು ತಂದಿದ್ದೇವೆ, ಪಂಪ್‌ಸೆಟ್ ಹೊರಗೆ, ಬಾಗಿಲು ಕಿಟಕಿಗಳಿಂದ ದೂರ. ಗ್ಯಾಸ್ ಫೋರ್ಕ್‌ಲಿಫ್ಟಿಗೂ ಕಾಂಕ್ರೀಟ್ ಕಟರ್‌ಗೂ ಇದೇ ಎಚ್ಚರ. ಕೆಳಗಿಳಿಯುವವರ ಅಂಗಿಯ ಮೇಲೆ ಮಾನಾಕ್ಸೈಡ್ ಅಲಾರಂ ಇರುತ್ತದೆ. ಧೂಳಿನ ಮಾಸ್ಕ್ ಈ ಅನಿಲವನ್ನು ತಡೆಯುವುದಿಲ್ಲ, ಎಷ್ಟೇ ದುಬಾರಿಯದಾದರೂ. ಒಳಗೆ ಯಾರಾದರೂ ಬಿದ್ದರೆ ಅಗ್ನಿಶಾಮಕದವರನ್ನು ಕರೆಯಬೇಕು. ಉಸಿರಾಟದ ಸಿಲಿಂಡರ್ ಇಲ್ಲದೆ, ನಾನು ಇಳಿದ ಹಾಗೆ, ಯಾರೂ ಇಳಿಯಬಾರದು.

ಇಂದಿಗೂ ಯಾರಾದರೂ ತಲೆನೋವು ಅಂತ ಬಂದರೆ ಊಟ ಆಯ್ತಾ ಅಂತ ಮೊದಲು ಕೇಳುವುದಿಲ್ಲ. "ಎಲ್ಲಿದ್ದೆ? ಅಲ್ಲಿ ಏನು ಓಡ್ತಿತ್ತು? ಜೊತೆಗೆ ಯಾರಿದ್ದಾರೆ?" ಅಂತ ಕೇಳುತ್ತೇನೆ. ಆ ಜೊತೆಯವರು ಮೇಲೆ ಬಂದು ನನ್ನ ಕಣ್ಣಿಗೆ ಕಾಣುವವರೆಗೂ ಬೇರೆ ಮಾತಿಲ್ಲ.