ಸೋಪು ಹಾಕಿ ತೊಳೆದ ಕೈ

"ಈಗ ತಾನೇ ಬ್ರೆಡ್ ತಿಂದೆ, ಆದ್ರೆ ಸೋಪು ಹಾಕಿ ಕೈ ತೊಳೆದೇ ಬಂದಿದ್ದೀನಿ." ಪಕ್ಕದ ಮನೆಯ ಆರು ವರ್ಷದ ಹುಡುಗಿ ಮೊನ್ನೆ ಆಟಕ್ಕೆ ಬಂದವಳು ಹೊಸ್ತಿಲಲ್ಲೇ ನಿಂತು, ಎರಡೂ ಅಂಗೈ ತೋರಿಸಿ ಹೇಳಿದ ಮಾತಿದು. ಯಾರೂ ಕೇಳಿರಲಿಲ್ಲ. ಈ ಮನೆಯ ಮಗುವಿಗೆ ಸೀಲಿಯಾಕ್ ಕಾಯಿಲೆ, ಗೋಧಿಯ ಚೂರು ಬಾಯಿಗೆ ಹೋಗಬಾರದು ಎಂಬುದಷ್ಟೇ ಅವಳಿಗೆ ಗೊತ್ತು. ಅದೇ ಸಂಜೆ ಊರಿನ ಫೋನಿನಲ್ಲಿ ಮತ್ತೆ ಅದೇ ಪ್ರಶ್ನೆ: "ಪಾಪ, ಒಂಚೂರು ತಿಂದರೆ ಏನಾಗುತ್ತೆ?" ಪ್ರೀತಿಯಿಂದಲೇ ಕೇಳುತ್ತಾರೆ. ಆ ಒಂಚೂರಿನ ಲೆಕ್ಕ ಬರೆಯಲೇಬೇಕು ಅನ್ನಿಸಿತು.

ಒಂದು ಹೋಳು ಬ್ರೆಡ್ಡಿನಲ್ಲಿ ಸುಮಾರು 2 ಗ್ರಾಂ, ಅಂದರೆ 2000 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ; ಈ ಕಾಯಿಲೆಯವರಿಗೆ ಆಗದ ಗೋಧಿಯ ಪ್ರೋಟೀನು ಅದು. ದಿನಕ್ಕೆ 50 ಮಿಲಿಗ್ರಾಂನಂತೆ ಮೂರು ತಿಂಗಳು ಹೊಟ್ಟೆಗೆ ಹೋದರೂ ಸಣ್ಣ ಕರುಳಿಗೆ ಹಾನಿಯಾಗುತ್ತದೆ. ಆ ಹೋಳನ್ನು 40 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು, ಅಷ್ಟೇ. 'ಗ್ಲುಟೆನ್ ಮುಕ್ತ' ಎಂದು ಬರೆದ ಪೊಟ್ಟಣದಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬ ನಿಯಮ ಇರುವುದು ಇದಕ್ಕೇ. ಅಂಥದ್ದನ್ನು ದಿನಕ್ಕೆ ಅರ್ಧ ಕಿಲೋ ತಿಂದರೂ 10 ಮಿಲಿಗ್ರಾಂ ದಾಟುವುದಿಲ್ಲ.

ಇದು ಅಜೀರ್ಣವೂ ಅಲ್ಲ, ಅಲರ್ಜಿಯೂ ಅಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳ ಗ್ಲುಟೆನ್ ಒಳಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಆಹಾರ ಹೀರಿಕೊಳ್ಳುವ ಬೆರಳಿನಂಥ ಸಣ್ಣ ಕುಚ್ಚುಗಳು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣ, ಕ್ಯಾಲ್ಸಿಯಂ, ಫೋಲೇಟ್ ಮೈಗೆ ಹತ್ತುವುದಿಲ್ಲ. ಎಷ್ಟೋ ಜನರಿಗೆ ಹೊಟ್ಟೆನೋವೇ ಇರುವುದಿಲ್ಲ. ರಕ್ತಹೀನತೆ, ಸವೆದ ಮೂಳೆ, ಬೆಳೆಯದ ಮಗು, ಹೀಗೆ ಬೇರೆ ದಾರಿಯಲ್ಲಿ ಕಾಣಿಸಿಕೊಳ್ಳುತ್ತದೆ. "ಮೊನ್ನೆ ತಿಂದಾಗ ಏನೂ ಆಗಲಿಲ್ಲವಲ್ಲ" ಎಂಬ ಮಾತನ್ನು ನಂಬಬಾರದು ಅನ್ನುವುದು ಅದಕ್ಕೇ.

ಅಡುಗೆಮನೆಯಲ್ಲಿ ಎಡವುವುದು ಹೆಚ್ಚಾಗಿ ಪಾತ್ರೆಗಳಲ್ಲಿ. ಜರಡಿ, ಲಟ್ಟಣಿಗೆ, ಮರದ ಸೌಟು, ಟೋಸ್ಟರ್ ಈ ನಾಲ್ಕು ಬೇರೆಯೇ ಇರಬೇಕು; ಅವುಗಳ ಸಂದಿಯಲ್ಲಿ ಕೂತ ಹಿಟ್ಟು ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಸ್ಟೀಲ್, ಗಾಜು ಸೋಪಿನಲ್ಲಿ ತೊಳೆದರೆ ಸಾಕು. ಕಾಯಿಸಿದರೆ ಗ್ಲುಟೆನ್ ಸಾಯುತ್ತದೆ ಎಂದುಕೊಳ್ಳುವವರಿದ್ದಾರೆ. ಅದು ಕ್ರಿಮಿಯಲ್ಲ, ಪ್ರೋಟೀನು. ಗೋಧಿ ತಿಂಡಿ ಕರಿದ ಎಣ್ಣೆಯಲ್ಲಿ ಮತ್ತೇನನ್ನು ಕರಿದರೂ ಅದಕ್ಕೆ ಅಂಟುತ್ತದೆ. ಸ್ಯಾನಿಟೈಸರ್ ಕೂಡ ಅದನ್ನು ತೆಗೆಯದು, ಸೋಪು ನೀರೇ ಬೇಕು. ಬೆಣ್ಣೆ, ಜಾಮಿನ ಡಬ್ಬಿಗೆ ಬ್ರೆಡ್ಡಿಗೆ ಸವರಿದ ಚಾಕು ಒಮ್ಮೆ ಇಳಿದರೆ ಆ ಡಬ್ಬಿ ಉಳಿದವರಿಗೆ.

ಪೊಟ್ಟಣ ಓದುವಾಗ 'ಗೋಧಿ ಇಲ್ಲ' ಎಂದಿದ್ದರೆ ನಿಲ್ಲಬೇಡಿ; ಬಾರ್ಲಿ ಇರಬಹುದು. ಮಾಲ್ಟ್ ಎಂದರೆ ಸಾಮಾನ್ಯವಾಗಿ ಬಾರ್ಲಿಯೇ. ರವೆ, ಮೈದಾ, ಸ್ಪೆಲ್ಟ್, ಡ್ಯೂರಮ್ ಎಲ್ಲ ಗೋಧಿಯ ಕುಲ. ಸೋಯಾ ಸಾಸ್ ಬಹುತೇಕ ಗೋಧಿ ಸೇರಿಸಿಯೇ ಹುದುಗಿಸಿದ್ದು. ಓಟ್ಸ್ ಹೊಲದಲ್ಲೋ ಗಿರಣಿಯಲ್ಲೋ ಗೋಧಿಯ ಜೊತೆ ಬೆರೆತಿರುತ್ತದೆ. ಗ್ಲುಟೆನ್ ಮುಕ್ತವೆಂದು ಬರೆದದ್ದನ್ನೇ, ಅದೂ ವೈದ್ಯರನ್ನು ಕೇಳಿ ತಿನ್ನಬೇಕು. ಕೆಲವರಿಗೆ ಶುದ್ಧ ಓಟ್ಸೂ ಒಗ್ಗುವುದಿಲ್ಲ.

ಮನೆಯಲ್ಲೇ ಬ್ರೆಡ್ ಮಾಡುವವರಿಗೆ: 300 ಗ್ರಾಂ ಅಕ್ಕಿ ಹಿಟ್ಟು, 200 ಗ್ರಾಂ ಆಲೂಗಡ್ಡೆ ಪಿಷ್ಟಕ್ಕೆ 25 ಗ್ರಾಂ ಇಸಬಗೋಲು. ಅದನ್ನು ಮೊದಲು 450 ಮಿಲಿ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಲೋಳೆ ಮಾಡಿಕೊಳ್ಳಬೇಕು. ಗ್ಲುಟೆನ್ ಮಾಡುತ್ತಿದ್ದ ಹಿಡಿದಿಡುವ ಕೆಲಸ ಈ ಲೋಳೆಯದು. ಬಿಸಿಯಿದ್ದಾಗ ಕೊಯ್ದರೆ ಒಳಗೆಲ್ಲ ಅಂಟಂಟು. ಪೂರ್ತಿ ಆರಲಿ.

ಊರಿನವರಿಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಅನುಮಾನ ಬಂದ ಕೂಡಲೇ ಗೋಧಿ ಬಿಟ್ಟು, ತಿಂಗಳುಗಟ್ಟಲೆ ಕಳೆದ ಮೇಲೆ ರಕ್ತಪರೀಕ್ಷೆಗೆ ಹೋಗುತ್ತಾರೆ. ಆಗ ಕಾಯಿಲೆ ಇದ್ದರೂ ಫಲಿತಾಂಶ ಇಲ್ಲವೆನ್ನಬಹುದು. ಗೋಧಿ ತಿನ್ನುತ್ತಿರುವಾಗಲೇ ಟಿಟಿಜಿ ಐಜಿಎ ಎಂಬ, ಈ ಕಾಯಿಲೆಯ ಪ್ರತಿಕಾಯಗಳನ್ನು ಹುಡುಕುವ ರಕ್ತಪರೀಕ್ಷೆ ಮಾಡಿಸಬೇಕು, ಒಟ್ಟು ಐಜಿಎ ಪ್ರಮಾಣವನ್ನೂ ನೋಡಿಸಬೇಕು. ಮನೆಯಲ್ಲಿ ಒಬ್ಬರಿಗಿದ್ದರೆ ತಂದೆ ತಾಯಿ, ಒಡಹುಟ್ಟಿದವರಿಗೂ ಪರೀಕ್ಷೆ ಬೇಕು. ದಯವಿಟ್ಟು ಇದನ್ನು ಮುಂದೂಡಬೇಡಿ.

ಗೋಧಿಯೇ ಕಾರಣವೆಂದು ತೋರಿಸಿಕೊಟ್ಟವರು ಮಕ್ಕಳ ವೈದ್ಯರೇ: ನೆದರ್ಲೆಂಡ್ಸಿನ ವಿಲೆಮ್ ಡಿಕೆ. 1944-45ರ ಕ್ಷಾಮದಲ್ಲಿ ಬ್ರೆಡ್ ಸಿಗದೆ ದೇಶವೆಲ್ಲ ಸೊರಗಿದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ ಮರಳಿದಾಗ ಮತ್ತೆ ಮಲಗಿದರು. ಆ ಮಕ್ಕಳಿಗೂ ಬ್ರೆಡ್ ಕೊಟ್ಟವರು ಪ್ರೀತಿಯಿಂದಲೇ ಕೊಟ್ಟಿರಬೇಕು.

ಹುಡುಗಿ ಒಳಗೆ ಬರುವ ಮುಂಚೆ ಕೈಯಲ್ಲಿದ್ದ ಬಣ್ಣದ ಆಟದ ಹಿಟ್ಟಿನ ಡಬ್ಬಿಯನ್ನು ಮೆಟ್ಟಿಲ ಮೇಲೇ ಇಟ್ಟಳು. ಅದರಲ್ಲೂ ಗೋಧಿ ಇರುತ್ತದೆಂದು ಅವಳಿಗೆ ಅಮ್ಮ ಹೇಳಿದ್ದರಂತೆ.