ತಾಳೆಯಾಗುವವರೆಗೆ

ಕಾಲೇಜಿನ ವಾರ್ಷಿಕ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಕೇಳಿದಾಗ ಹಳೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಗೆಳೆಯರ ಬಳಗವನ್ನೋ ಕ್ರೀಡಾಂಗಣವನ್ನೋ ನೆನೆಯುತ್ತಾರೆ. ನಾನು ಬರೆಯಲು ಹೊರಟಿರುವುದು ವಿದ್ಯಾರ್ಥಿ ಸಂಘದ ಲೆಕ್ಕದ ಪುಸ್ತಕವನ್ನು ಮತ್ತು ಅದನ್ನು ಬರೆಯಲು ಕಲಿಸಿದ ಲೆಕ್ಕಶಾಸ್ತ್ರದ ಮೇಷ್ಟ್ರನ್ನು ಕುರಿತು. ಲೆಕ್ಕಪರಿಶೋಧನೆಯನ್ನೇ ವೃತ್ತಿಯಾಗಿಸಿಕೊಂಡು, ಅನೇಕರ ಏಳುಬೀಳುಗಳನ್ನು ಅಂಕಿಗಳ ಮೂಲಕ ಕಂಡ ಮೇಲೆ ನನಗೆ ಒಂದು ಸಂಗತಿ ಖಚಿತವಾಗಿದೆ: ಹಣವನ್ನು ಮಾನ ಅವಮಾನಗಳ ವಿಷಯವಾಗಿ ನೋಡದೆ, ಲೆಕ್ಕ ಒಪ್ಪಿಸಬೇಕಾದ ವಸ್ತುವಾಗಿ ಮಾತ್ರ ನೋಡಬಲ್ಲವರಿಗೆ ದುಡಿಮೆಯೂ ನಡತೆಯೂ ತಕ್ಕಮಟ್ಟಿಗೆ ಹಗುರವಾಗುತ್ತವೆ. ಆ ನೋಟವನ್ನು ನನಗೆ ಕೊಟ್ಟದ್ದು ಈ ಕಾಲೇಜು.

ಸಂಘದ ಖಜಾಂಚಿಯ ಕೆಲಸವನ್ನು ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಸರದಿಯಂತೆ ಮಾಡಬೇಕಾಗಿತ್ತು. ಸದಸ್ಯತ್ವದ ಶುಲ್ಕ, ಸಮಾರಂಭಗಳ ಖರ್ಚು, ಕ್ರೀಡಾಸಾಮಗ್ರಿಯ ಬಿಲ್ಲು ಎಲ್ಲವೂ ಸಣ್ಣ ಮೊತ್ತಗಳೇ. ದಿನದ ಕೊನೆಯಲ್ಲಿ ಪೆಟ್ಟಿಗೆಯಲ್ಲಿದ್ದ ನಗದಿಗೂ ನಗದು ಪುಸ್ತಕದ ಶಿಲ್ಕಿಗೂ ತಾಳೆ ನೋಡುವ ಹೊತ್ತಿಗೆ ಮೇಷ್ಟ್ರು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಹಣ ಕಡಿಮೆ ಬಿದ್ದರೆ ನಮಗೆ ಗಾಬರಿ, ಹೆಚ್ಚು ಬಂದರೆ ಸಮಾಧಾನ. ಅವರಿಗೆ ಎರಡೂ ಒಂದೇ ಬಗೆಯ ತಪ್ಪು. “ಹೆಚ್ಚಿಗೆ ಬಂದಿರುವ ದುಡ್ಡು ಯಾರದಪ್ಪಾ? ಯಾರಿಗೋ ರಸೀದಿ ಬರೆದುಕೊಟ್ಟಿಲ್ಲ ಅಂತ ತಾನೆ? ತಾಳೆಯಾಗುವವರೆಗೆ ಏಳಬೇಡಿ” ಎನ್ನುತ್ತಿದ್ದರು.

ಈ ಮಾತಿಗೆ ಆಧಾರವಾಗಿ ಅವರು ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮರ ಕಥೆಯನ್ನು ಹೇಳುತ್ತಿದ್ದರು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕ ಮಾಡಿಕೊಂಡಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಹೇಳಿದಳು ಎಂಬ ಕಥೆ ನಮಗೆಲ್ಲ ಗೊತ್ತಿರುವಂಥದೇ. ಅದನ್ನು ತ್ಯಾಗದ ಕಥೆಯೆಂದು ಹೇಳುವುದು ವಾಡಿಕೆ; ಮೇಷ್ಟ್ರು ಲೆಕ್ಕದ ಕಥೆಯೆಂದು ಹೇಳುತ್ತಿದ್ದರು. ದಿನದ ದುಡಿಮೆಗೆ ಸಲ್ಲಬೇಕಾದದ್ದು ಎಷ್ಟೆಂಬುದು ಲಕ್ಕಮ್ಮನಿಗೆ ತಿಳಿದಿತ್ತು, ಆದ್ದರಿಂದ ಮಿಕ್ಕದ್ದು ಕಣ್ಣಿಗೆ ಬಿತ್ತು ಎಂಬುದು ಅವರ ವಿವರಣೆ. ನನಗೆ ಈಗ ಅದರಲ್ಲಿ ಇನ್ನೊಂದು ವಿಷಯವೂ ಕಾಣುತ್ತದೆ. ಬಡತನವನ್ನು ಆಕೆ ನಾಚಿಕೆಯೆಂದು ಬಗೆದಿರಲಿಲ್ಲ. ಬಗೆದಿದ್ದರೆ ಆ ಹೆಚ್ಚಿನ ಅಕ್ಕಿ ಒಂದು ಅದೃಷ್ಟವಾಗಿ ಕಾಣುತ್ತಿತ್ತೇ ಹೊರತು ಪ್ರಶ್ನೆಯಾಗಿ ಕಾಣುತ್ತಿರಲಿಲ್ಲ.

ಶ್ರಮವನ್ನು ಕುರಿತು ಮೇಷ್ಟ್ರ ಅಭಿಪ್ರಾಯ ನಮ್ಮ ಕಾಲದ ಉಪದೇಶಗಳಿಗಿಂತ ಬೇರೆಯಾಗಿತ್ತು. ಬಹಳ ಹೊತ್ತು ಕೂತವನು ಬಹಳ ದುಡಿದವನೆಂದು ಅವರು ಒಪ್ಪುತ್ತಿರಲಿಲ್ಲ. ವೆನಿಸ್ಸಿನಲ್ಲಿ 1494ರಲ್ಲಿ ಅಚ್ಚಾದ, ಇಟಲಿಯ ಗಣಿತಜ್ಞ ಲೂಕಾ ಪಾಚೋಲಿಯ ಗಣಿತ ಗ್ರಂಥದಲ್ಲಿ ವಿವರಿಸಲಾದ ಜೋಡಿ ನಮೂದು ಪದ್ಧತಿಯ ದೊಡ್ಡ ಗುಣವೆಂದರೆ, ಒಂದೇ ಮೊತ್ತವನ್ನು ಎರಡು ಕಡೆ ಬರೆಯುವುದರಿಂದ ಎಷ್ಟೋ ತಪ್ಪುಗಳು ತಾವಾಗಿಯೇ ಹೊರಬೀಳುತ್ತವೆ ಎಂಬುದು. ಎಲ್ಲ ಖಾತೆಗಳ ಮೊತ್ತಗಳನ್ನು ಎರಡು ಬದಿಗಳಲ್ಲಿ ಬರೆದು ಕೂಡುವ ತಾಳೆಪಟ್ಟಿಯಲ್ಲಿ ಆ ಬದಿಗಳು ಸೇರದಿದ್ದಾಗ ನಾವು ಎಲ್ಲವನ್ನೂ ಮೊದಲಿನಿಂದ ಕೂಡಲು ತೊಡಗುತ್ತಿದ್ದೆವು. ಅವರು ತಡೆದು, ವ್ಯತ್ಯಾಸ ಎಷ್ಟೆಂದು ಮೊದಲು ನೋಡಿ ಎನ್ನುತ್ತಿದ್ದರು. ಅದು ಒಂಬತ್ತರಿಂದ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರುವ ಸಂಭವ ಹೆಚ್ಚು: 54ನ್ನು 45 ಎಂದು ಬರೆದರೆ ಅಂತರ 9, 82ನ್ನು 28 ಎಂದು ಬರೆದರೆ 54. ವ್ಯತ್ಯಾಸದ ಅರ್ಧದಷ್ಟು ಮೊತ್ತ ಪುಸ್ತಕದಲ್ಲಿ ಎಲ್ಲಾದರೂ ಸಿಕ್ಕಿದರೆ ಅದನ್ನು ಬಹುಶಃ ಜಮೆಯ ಬದಲು ಖರ್ಚಿನ ಕಡೆಗೋ, ಖರ್ಚಿನ ಬದಲು ಜಮೆಯ ಕಡೆಗೋ ಬರೆಯಲಾಗಿದೆ. ಹೀಗೆ ತಪ್ಪಿನ ಸ್ವರೂಪವನ್ನು ಅರಿತು ಅದು ಅಡಗಿರುವ ಜಾಗಕ್ಕೇ ಹೋಗುವುದನ್ನು ಅವರು ದುಡಿಮೆ ಎನ್ನುತ್ತಿದ್ದರು. ತಪ್ಪು ಸಿಗುವವರೆಗೆ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಇಡುವ ಸಸ್ಪೆನ್ಸ್ ಖಾತೆಗೆ ಅದನ್ನು ಹಾಕಲು ಪಠ್ಯದಲ್ಲಿ ಅನುಮತಿ ಇದೆಯಲ್ಲ ಸಾರ್ ಎಂದು ನಾವು ವಾದಿಸಿದರೆ, “ಪಠ್ಯದಲ್ಲಿ ಇದೆ, ನನ್ನಲ್ಲಿ ಇಲ್ಲ” ಎಂಬುದೇ ಉತ್ತರ.

ಬರ್ಲಿನ್ನಿನ ಸಂಗೀತ ವಿದ್ಯಾಲಯದ ಪಿಟೀಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ನಾನು ಬಹಳ ತಡವಾಗಿ ಓದಿದೆ. ಅದರಿಂದ ಜನಪ್ರಿಯವಾದದ್ದು ಪರಿಣತಿಗೆ ಹತ್ತು ಸಾವಿರ ಗಂಟೆಗಳ ಅಭ್ಯಾಸ ಬೇಕೆಂಬ ಸಂಖ್ಯೆ ಮಾತ್ರ. ಆದರೆ ಅವರ ವಾದದ ತಿರುಳು ಗಂಟೆಗಳಲ್ಲಿ ಇರಲಿಲ್ಲ; ತನ್ನ ದೌರ್ಬಲ್ಯ ಇರುವಲ್ಲಿಯೇ ಅಭ್ಯಾಸವನ್ನು ಕೇಂದ್ರೀಕರಿಸಿ, ತಿದ್ದಿಕೊಳ್ಳುತ್ತ ಮುಂದುವರಿಯುವುದರಲ್ಲಿ ಇತ್ತು. ಸಂಖ್ಯೆ ನೆನಪಿನಲ್ಲಿ ಉಳಿಯುತ್ತದೆ, ತಿದ್ದುವ ಕಷ್ಟ ಯಾರಿಗೂ ಬೇಡ.

ಎರಡನೆಯ ವರ್ಷದಲ್ಲಿ ಮೇಷ್ಟ್ರು ಪ್ರತಿಯೊಬ್ಬರಿಗೂ ಸ್ವಂತ ಆದಾಯ ವೆಚ್ಚಗಳ ನಗದು ಪುಸ್ತಕವನ್ನು ಬರೆಯಲು ಹೇಳಿದರು. ತರಗತಿಯಲ್ಲಿ ಅದನ್ನು ಓದಿಸಲಿಲ್ಲ, ಅಂಕ ಕೊಡಲಿಲ್ಲ. ಅನುಕೂಲಸ್ಥರ ಮಕ್ಕಳು ತಮ್ಮ ಖರ್ಚನ್ನು ಬರೆಯಲು ಸಂಕೋಚಪಟ್ಟರು. ಶುಲ್ಕವನ್ನು ಕಂತುಗಳಲ್ಲಿ ಕಟ್ಟುತ್ತಿದ್ದವರು ತಮ್ಮ ಸಾಲವನ್ನು ಬರೆಯಲು ಸಂಕೋಚಪಟ್ಟರು. ಕಾರಣ ಬೇರೆಬೇರೆಯಾದರೂ ಎರಡು ಗುಂಪಿನವರೂ ಸುಳ್ಳು ಲೆಕ್ಕ ಬರೆಯುತ್ತಿದ್ದಾರೆಂದು ಅವರು ಬೇಗನೆ ಗುರುತಿಸಿದರು. ನನ್ನ ಸಹಪಾಠಿಯೊಬ್ಬನ ಪುಸ್ತಕ ಮಾತ್ರ ಪೂರ್ಣವಾಗಿತ್ತು. ಅವನು ಕಂತು ಕಟ್ಟುವವನು, ಆದರೆ ಪಾಠದಲ್ಲಿ ಹಿಂದೆ ಬೀಳುತ್ತಿದ್ದನು. ಅವನನ್ನು ಸೋಮಾರಿಯೆಂದು ಕರೆದವರು ಇದ್ದರು. ಮೇಷ್ಟ್ರು ಕರೆಯಲಿಲ್ಲ, ಕಂತಿನ ದಿನ ಕಳೆದ ಮೇಲೆ ಅವನಿಂದ ಅದೇ ಪಾಠವನ್ನು ಮತ್ತೆ ಒಪ್ಪಿಸಿಕೊಳ್ಳುತ್ತಿದ್ದರು. ಅದರ ಔಚಿತ್ಯ ನನಗೆ ಅರ್ಥವಾದದ್ದು, ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕುರಿತು 2013ರಲ್ಲಿ ಪ್ರಕಟವಾದ ಸಂಶೋಧನೆಯನ್ನು ಓದಿದಾಗ. ಅದೇ ರೈತರು ಕೊಯ್ಲಿಗೆ ಮುನ್ನ, ಕೈ ಬರಿದಾಗಿರುವಾಗ, ಗ್ರಹಣಶಕ್ತಿಯ ಪರೀಕ್ಷೆಗಳಲ್ಲಿ ಕೊಯ್ಲಿನ ನಂತರಕ್ಕಿಂತ ಕಡಿಮೆ ಸಾಧನೆ ತೋರಿದ್ದರು. ಹಣದ ಚಿಂತೆ ಬುದ್ಧಿಯ ಒಂದು ಪಾಲನ್ನು ಕಬಳಿಸುತ್ತದೆ. ಅದನ್ನು ನಡತೆಯ ದೋಷವೆಂದು ಬರೆದಿಡುವುದು ತಪ್ಪು ಖಾತೆಗೆ ನಮೂದಿಸಿದಂತೆ. ಪರಿಶ್ರಮವನ್ನು ಹೊಗಳುವ ಭಾಷಣಗಳಲ್ಲಿ ಈ ಸಂಗತಿ ಬರುವುದೇ ಇಲ್ಲವೆಂಬುದು ನನ್ನ ಆಕ್ಷೇಪ.

ಹಾಗೆಂದು ಮೇಷ್ಟ್ರು ಹಣವನ್ನು ತುಚ್ಛವಾಗಿ ಕಾಣುವವರೂ ಅಲ್ಲ. ಬಡ್ಡಿಯ ದರದಿಂದ 72ನ್ನು ಭಾಗಿಸಿದರೆ ಮೊತ್ತ ಇಮ್ಮಡಿಯಾಗಲು ಬೇಕಾಗುವ ವರ್ಷಗಳು ಸುಮಾರಾಗಿ ಸಿಗುತ್ತವೆ ಎಂಬ ಸೂತ್ರವನ್ನು ಕಲಿಸುವಾಗ, ಉಳಿತಾಯದ ಉದಾಹರಣೆಯನ್ನು ಒಮ್ಮೆ, ಸಾಲದ ಉದಾಹರಣೆಯನ್ನು ಒಮ್ಮೆ ಕೊಡುತ್ತಿದ್ದರು. ಶೇಕಡಾ 8ರಲ್ಲಿ ಕೂಡಿಟ್ಟದ್ದು ದುಪ್ಪಟ್ಟಾಗಲು ಒಂಬತ್ತು ವರ್ಷ. ಶೇಕಡಾ 24ರಲ್ಲಿ ತಂದು ತೀರಿಸದೆ ಬಿಟ್ಟದ್ದು ದುಪ್ಪಟ್ಟಾಗಲು ಮೂರೇ ವರ್ಷ.

ಹಣ, ದುಡಿಮೆ, ನಡತೆ ಈ ಮೂರನ್ನೂ ಒಂದೇ ದಸ್ತಾವೇಜಿನಲ್ಲಿ ಕಟ್ಟಿದವನೆಂದು ಅವರು ಮೆಚ್ಚುತ್ತಿದ್ದದ್ದು ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್‌ನನ್ನು. 1790ರಲ್ಲಿ ತೀರಿಕೊಂಡ ಅವನು ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ ಒಂದು ಸಾವಿರ ಪೌಂಡುಗಳನ್ನು ಇನ್ನೂರು ವರ್ಷಗಳ ಅವಧಿಗೆ ಉಯಿಲಿನ ಮೂಲಕ ಬಿಟ್ಟುಹೋದನು. ಅದರಿಂದ 25 ವರ್ಷದೊಳಗಿನ ವಿವಾಹಿತ ಕುಶಲಕರ್ಮಿಗಳಿಗೆ ಶೇಕಡಾ 5ರ ಬಡ್ಡಿಗೆ ಸಾಲ ಕೊಡಬೇಕು. ಸಾಲಗಾರನು ಕಸುಬನ್ನು ಗುರುವಿನ ಕೈಕೆಳಗೆ ಕಲಿತು ಮುಗಿಸಿರಬೇಕು. ಅವನ ನಡತೆಗೆ ಕನಿಷ್ಠ ಇಬ್ಬರು ಗೌರವಸ್ಥರು ಸಾಕ್ಷಿ ಹೇಳಿ ಜಾಮೀನಿಗೂ ನಿಲ್ಲಬೇಕು. ಆಸ್ತಿಯ ಅಡಮಾನವನ್ನು ಕೇಳದೆ ಜಾಮೀನುದಾರರನ್ನು ಕೇಳಿದ್ದೇ ಈ ಉಯಿಲಿನ ಜಾಣ್ಮೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಕಾರ್ಖಾನೆಗಳು ಬಂದು ಕಸುಬಿನ ಕಲಿಕೆಯ ಪದ್ಧತಿಯೇ ಕುಂದಿದ್ದರಿಂದ ಸಾಲಗಾರರು ವಿರಳವಾದರು. ಸಾಲ ಮರಳಿಸದವರೂ ಇದ್ದರು. ಆದರೂ 1990ರಲ್ಲಿ ಅವಧಿ ಮುಗಿದಾಗ ಬಾಸ್ಟನ್ನಿನ ನಿಧಿ ಸುಮಾರು 50 ಲಕ್ಷ ಡಾಲರಿನಷ್ಟಾಗಿತ್ತು, ಫಿಲಡೆಲ್ಫಿಯಾದ್ದು ಸುಮಾರು 20 ಲಕ್ಷದಷ್ಟು.

ಮೇಷ್ಟ್ರ ಕೈಯಲ್ಲಿ ಕಲಿತವರೆಲ್ಲ ಮುಂದೆ ಬಂದರೆಂದು ನಾನು ಹೇಳಲಾರೆ. ಲೆಕ್ಕದಲ್ಲಿ ಅಷ್ಟೇನೂ ಶುದ್ಧರಲ್ಲದ ಕೆಲವರು ನಮಗಿಂತ ಹೆಚ್ಚು ಗಳಿಸಿದ್ದಾರೆ. ಅದೃಷ್ಟಕ್ಕೆ ಪಾಲಿಲ್ಲವೆಂದು ಮೇಷ್ಟ್ರೂ ಎಂದೂ ಹೇಳಿದವರಲ್ಲ. ಮೇಲೆ ಹೇಳಿದ ಸಹಪಾಠಿ ಓದು ಮುಗಿಸಿ ಸ್ವಂತ ವ್ಯಾಪಾರಕ್ಕೆ ಇಳಿದನು. ಮನೆಯವರ ದೀರ್ಘ ಕಾಯಿಲೆಯಿಂದ ಬಂಡವಾಳ ಕರಗಿ ಅದನ್ನು ಮುಚ್ಚಬೇಕಾಯಿತು. ಆಗ ಅವನು ಸಾಲ ಕೊಟ್ಟವರಿಂದ ತಲೆಮರೆಸಿಕೊಳ್ಳದೆ, ಪ್ರತಿಯೊಬ್ಬರಿಗೂ ಬಾಕಿಯ ಪಟ್ಟಿ ಬರೆದು ಕಳುಹಿಸಿದನು. ಬೇರೆಯವರಲ್ಲಿ ಕೆಲಸಕ್ಕೆ ಸೇರಿ, ಹಿಂದೆ ಶುಲ್ಕ ಕಟ್ಟಿದಂತೆಯೇ ಕಂತುಗಳಲ್ಲಿ ತೀರಿಸಿದನು. ಕೆಲವು ವರ್ಷಗಳ ನಂತರ ಮತ್ತೆ ವ್ಯಾಪಾರ ತೆರೆಯಲು ಬ್ಯಾಂಕಿನಲ್ಲಿ ಸಾಲ ಕೇಳಿದಾಗ ಜಾಮೀನಿಗೆ ಸಹಿ ಹಾಕಿದವರಲ್ಲಿ ಒಬ್ಬರು ಅವನಿಂದ ಕಡೆಯ ಕಂತು ಪಡೆದವರೇ ಆಗಿದ್ದರು. ಆ ಕಾಗದಪತ್ರಗಳು ನನ್ನ ಕಚೇರಿಯಲ್ಲಿಯೇ ಸಿದ್ಧವಾದವು. ವ್ಯಾಪಾರ ಇಂದಿಗೂ ದೊಡ್ಡದಾಗಿಲ್ಲ, ಆದರೆ ನಡೆಯುತ್ತಿದೆ.