ಕಾಳುಮೆಣಸು ಒಣಗಿಸುವ ಸಹಕಾರಿ ಘಟಕ, ತೀರ್ಥಹಳ್ಳಿ ಸೀಮೆ: ಜೂನ್‌ನಿಂದ ಜನವರಿವರೆಗೆ

ಜೂನ್

100 ಸದಸ್ಯರು, ತಲಾ ಒಂದು ಕ್ವಿಂಟಾಲ್ ಹಸಿ ಮೆಣಸು, ಒಟ್ಟು 10 ಟನ್. ನೂರು ಕೆಜಿ ಹಸಿಗೆ ಸುಮಾರು 33 ಕೆಜಿ ಒಣಗಿದ ಕಾಳು ಬೀಳುವುದರಿಂದ ಮಾರಾಟಕ್ಕೆ ಸಿಗುವುದು 3.3 ಟನ್. ಯಂತ್ರದ ಗಾತ್ರ ಗೊತ್ತುಮಾಡಿದ್ದು ಈ ಲೆಕ್ಕದ ಮೇಲೆ.

ನೋಂದಣಿಗೆ ಎರಡು ದಾರಿ. ಸರ್ಕಾರದ ಷೇರು ಬಂಡವಾಳಕ್ಕೆ ಬಾಗಿಲು ತೆರೆದಿರಬೇಕು ಎನ್ನುವವರಿಗೆ 1959ರ ಸಹಕಾರ ಸಂಘಗಳ ಕಾಯ್ದೆ. ಅದು ಬೇಡ, ಇಲಾಖೆಯ ಹಿಡಿತ ಸಡಿಲವಿರಲಿ ಎನ್ನುವವರಿಗೆ 1997ರ ಸೌಹಾರ್ದ ಕಾಯ್ದೆ. ಇಲ್ಲಿ ಆರಿಸಿದ್ದು ಸೌಹಾರ್ದ.

ಆಗಸ್ಟ್

ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ನೆರವಾಗುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಅರ್ಹ ವೆಚ್ಚದ ಶೇ 35 ಸಬ್ಸಿಡಿ. ಶೇ 10 ಸ್ವಂತ ಹಣ. ಜಾಗದ ಬೆಲೆ ಲೆಕ್ಕಕ್ಕೆ ಬರುವುದಿಲ್ಲ. ಕಟ್ಟಡದ ಖರ್ಚು ಅರ್ಹ ವೆಚ್ಚದ ಶೇ 30 ಮೀರುವಂತಿಲ್ಲ. ಮಲೆನಾಡಿನವರಿಗೆ ಪೆಟ್ಟು ಬೀಳುವುದು ಇಲ್ಲೇ: ಇಲ್ಲಿನ ಮಳೆಗೆ ಇಳಿಜಾರು ಮಾಡು, ಎತ್ತರದ ಪಾಯ, ಸುತ್ತ ಚರಂಡಿ ಎಲ್ಲ ಬೇಕು.

ಮೊದಲ ಅಂದಾಜು 20 ಲಕ್ಷ: ಯಂತ್ರ 11.5, ಶೆಡ್ 8.5. ಸಬ್ಸಿಡಿ 7 ಲಕ್ಷ ಎಂದು ಡಿಪಿಆರ್ (ವಿವರವಾದ ಯೋಜನಾ ವರದಿ) ಬರೆದವರು ನಮೂದಿಸಿದ್ದರು. ಕಟ್ಟಡಕ್ಕೆ ಶೇ 30ರ ಮಿತಿ ಹಾಕಿ ನೋಡಿದರೆ ಅರ್ಹ ವೆಚ್ಚ 16.43 ಲಕ್ಷ, ಸಬ್ಸಿಡಿ 5.75 ಲಕ್ಷ. ಹಳೆಯ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಕಟ್ಟಡದ ಕೆಲಸವನ್ನು 4.5 ಲಕ್ಷಕ್ಕೆ ಇಳಿಸಿದಾಗ ಒಟ್ಟು 16 ಲಕ್ಷ, ಸಬ್ಸಿಡಿ 5.6 ಲಕ್ಷ. ಖರ್ಚು 4 ಲಕ್ಷ ಇಳಿಯಿತು, ಸಬ್ಸಿಡಿ ಇಳಿದದ್ದು 15 ಸಾವಿರ.

ಈ 5.6 ಲಕ್ಷವೂ ಕೈಗೆ ಬರುವ ದುಡ್ಡಲ್ಲ. ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿ ಕೂತು, ಸಾಲದ ಕೊನೆಯ ಕಂತು ಬಿಡುಗಡೆಯಾಗಿ ಮೂರು ವರ್ಷ ಕಳೆದ ಮೇಲೆ, ಖಾತೆ ಸುಸ್ತಿಯಾಗದೆ ಘಟಕ ನಡೆಯುತ್ತಿದ್ದರೆ ಸಾಲಕ್ಕೆ ವಜಾ ಆಗುತ್ತದೆ. ಇದನ್ನು ಮೊದಲ ವರ್ಷದ ಜಮೆಗೆ ಸೇರಿಸಿಕೊಂಡ ಸಂಘ ಎರಡನೇ ವರ್ಷಕ್ಕೇ ಏದುಸಿರು ಬಿಡುತ್ತದೆ.

ಇದರ ಜೊತೆಗೆ ಕೃಷಿ ಮೂಲಸೌಕರ್ಯ ನಿಧಿ: 2 ಕೋಟಿವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ, ಗರಿಷ್ಠ 7 ವರ್ಷ. ಬಾಕಿ ಇರುವ ಪ್ರತಿ ಲಕ್ಷಕ್ಕೆ ವರ್ಷಕ್ಕೆ 3,000 ರೂ. ಉಳಿತಾಯ. ಪಿಎಂಎಫ್‌ಎಂಇಯಲ್ಲಿ ಶಿವಮೊಗ್ಗ ಜಿಲ್ಲೆಗೆ ಗೊತ್ತುಮಾಡಿದ ಉತ್ಪನ್ನ ಅನಾನಸ್ ಆದ್ದರಿಂದ ಮೆಣಸಿಗೆ ಬ್ರ್ಯಾಂಡಿಂಗ್ ನೆರವನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಅಕ್ಟೋಬರ್

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಸಹಕಾರಿಯ ಖಾತೆಗೆ ನೇರವಾಗಿ ಬರುವುದಿಲ್ಲ. ಕಂಪನಿಯೇ ಅಥವಾ ಸಿಎಸ್‌ಆರ್ ನೋಂದಣಿ ಇರುವ ಟ್ರಸ್ಟ್‌ನಂಥ ಸಂಸ್ಥೆ ಕೆಲಸ ಮಾಡಿಸಬೇಕು. ಆದರೆ 2021ರ ತಿದ್ದುಪಡಿಯ ಪ್ರಕಾರ ಆಸ್ತಿಯನ್ನು ಫಲಾನುಭವಿಗಳ ಗುಂಪಿನ ಹೆಸರಿನಲ್ಲೇ ಇಡಬಹುದು. ಕಾಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಗ್ರೇಡಿಂಗ್ ಜರಡಿಗೆ ಟ್ರಸ್ಟ್ ಮೂಲಕ ಈ ದಾರಿ ಹಿಡಿಯಲಾಗಿದೆ. ಒಡೆತನದ ಷರತ್ತನ್ನು ಒಪ್ಪಂದದಲ್ಲಿ ಬರೆಸದಿದ್ದರೆ ಯಂತ್ರ ಟ್ರಸ್ಟ್‌ನ ಪಾಲು.

ಡಿಸೆಂಬರ್–ಜನವರಿ

ಪ್ರಯೋಗದ ಕೊಯ್ಲು. ಗೊಂಚಲಿನಿಂದ ಬಿಡಿಸಿದ ಕಾಳನ್ನು ಬುಟ್ಟಿಯಲ್ಲಿ ತುಂಬಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಬೇಗ ಒಣಗುತ್ತದೆ, ಬಣ್ಣ ಒಂದೇ ಸಮ ಕಪ್ಪಾಗುತ್ತದೆ. ಬುಟ್ಟಿ ಮರೆತು ಕೂತರೆ ಕಪ್ಪು ಬಣ್ಣ ಬರಿಸುವ ಕಿಣ್ವವೇ ಸತ್ತು ಕಾಳು ಕಂದಾಗಿ ಉಳಿಯುತ್ತದೆ. ಒಂದು ಬುಟ್ಟಿ ಹಾಗೇ ಹೋಯಿತು.

ತೇವಾಂಶ ಶೇ 11ಕ್ಕೆ ಇಳಿಯಬೇಕು. ಮೀಟರಿನಲ್ಲಿ ಬೆಳೆಯ ಆಯ್ಕೆ ಭತ್ತದಲ್ಲೇ ಉಳಿದಿದ್ದರಿಂದ ಮೊದಲ ಮೂರು ಓದಿಕೆ ಸುಳ್ಳು. ಸಂಜೆ ರಾಶಿ ಮಾಡಿ ಟಾರ್ಪಾಲ್ ಹೊದಿಸುವಾಗ ಕಾಳು ಬಿಸಿಯಿದ್ದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಅರ್ಧ ಗಂಟೆ ಆರಲು ಬಿಡಬೇಕು. ಲೀಟರ್ ತೂಕ, ಅಂದರೆ ಒಂದು ಲೀಟರ್ ಅಳತೆಯ ಕಾಳಿನ ತೂಕ, 520 ಗ್ರಾಂ ಬಂತು, ಜೊಳ್ಳು ತೂರಿದ ಮೇಲೆ 550.

ದುಡಿಯುವ ಬಂಡವಾಳದ ತೂತು ಇನ್ನೂ ಮುಚ್ಚಿಲ್ಲ. ಕೆಜಿಗೆ 600 ರೂ. ಎಂದು ಹಿಡಿದರೂ 3.3 ಟನ್ನಿಗೆ 19.8 ಲಕ್ಷ, ಸದಸ್ಯರಿಗೆ ಶೇ 70 ಮುಂಗಡ ಕೊಡಲು 13.86 ಲಕ್ಷ ಬೇಕು. ಮೂಲಸೌಕರ್ಯ ನಿಧಿ ಇದಕ್ಕೆ ಒದಗುವುದಿಲ್ಲ. ಖರೀದಿದಾರರೊಬ್ಬರು ಮುಂಗಡ ಕೊಡಲು ತಯಾರಿದ್ದಾರೆ, ಆದರೆ ದರ ಕೊಯ್ಲಿನ ದಿನದ್ದೇ ಆಗಬೇಕಂತೆ. ಕಾದು ಮಾರುವುದಕ್ಕೆಂದೇ ಕಟ್ಟಿದ ಸಂಘಕ್ಕೆ ಇದು ಒಗ್ಗದು. ಸದ್ಯ ಬ್ಯಾಂಕಿನ ಕ್ಯಾಷ್ ಕ್ರೆಡಿಟ್‌ಗೆ (ಬೇಕಾದಾಗ ತೆಗೆದು ಕಟ್ಟುವ ಸಾಲ) ಅರ್ಜಿ ಹಾಕಲಾಗಿದೆ; ಮಂಜೂರಾಗುವವರೆಗೆ ಮೆಣಸು ತಂದವರಿಗೆ ತೂಕ, ತೇವಾಂಶ ಬರೆದ ರಶೀದಿ ಮಾತ್ರ.